ಲ್ಯಾಂಡಿಂಗ್ ಗೇರ್‌ನಲ್ಲಿ ತುಕ್ಕು ಹುಡುಕುವುದು: ನಾನು ಮಾಡುವ ಕ್ರಮ

ಓವರ್‌ಹಾಲ್‌ಗೆ, ಅಂದರೆ ಪೂರ್ತಿ ಬಿಚ್ಚಿ ನೋಡಿ ದುರಸ್ತಿ ಮಾಡಲು, ಬಂದ ವಿಮಾನದ ಲ್ಯಾಂಡಿಂಗ್ ಗೇರನ್ನು (ಚಕ್ರಗಳಿರುವ ಕಾಲನ್ನು) ಬಂದ ಕೂಡಲೇ ತೊಳೆಯಲು ನಾನು ಬಿಡುವುದಿಲ್ಲ. ಕೊಳೆ ಮೆತ್ತಿಕೊಂಡಿರುವಾಗಲೇ ಒಮ್ಮೆ ಪೂರ್ತಿ ನೋಡಬೇಕು. ನೀರು ಎಲ್ಲಿ ನಿಂತಿತ್ತು, ಗ್ರೀಸ್ ಎಲ್ಲಿಗೆ ತಲುಪಿಲ್ಲ, ಸಂದು ಮುಚ್ಚುವ ಸೀಲಂಟ್ ಎಲ್ಲಿ ಎದ್ದಿದೆ ಎಂಬುದನ್ನು ತೋರಿಸುವುದು ಆ ಕೊಳೆಯೇ. ಒಮ್ಮೆ ತೊಳೆದರೆ ಆ ಸುಳಿವೆಲ್ಲ ಚರಂಡಿ ಸೇರುತ್ತದೆ. ಬುಷ್‌ನ (ಪಿನ್ ತೂರುವ ರಂಧ್ರದೊಳಗಿನ ಲೋಹದ ಬಳೆ) ಅಂಚಿನಲ್ಲಿ ತುಕ್ಕಿನ ಬಣ್ಣದ ಗೆರೆ ಇಳಿದಿದ್ದರೆ, ಡ್ರೈನ್ ರಂಧ್ರದಲ್ಲಿ ಗ್ರೀಸ್ ಗಟ್ಟಿಯಾಗಿದ್ದರೆ, ಗ್ರೀಸ್ ನಿಪ್ಪಲ್‌ನ ಸುತ್ತ ಎಲ್ಲ ಹೊಸದಾಗಿದ್ದು ಜಾಯಿಂಟ್‌ನ ಇನ್ನೊಂದು ತುದಿ ಒಣಗಿದ್ದರೆ, ಅಷ್ಟನ್ನೂ ಫೋಟೋ ತೆಗೆದು, ಭಾಗದ ಸೀರಿಯಲ್ ನಂಬರ್ ಜೊತೆ ಬರೆದಿಡುತ್ತೇನೆ. ಬಿಚ್ಚಿದ ಮೇಲೆ ಯಾವ ಭಾಗದ ಯಾವ ಮೂಲೆಯನ್ನು ಎರಡು ಸಲ ನೋಡಬೇಕು ಎಂಬುದು ಈ ಟಿಪ್ಪಣಿಯಿಂದಲೇ ಗೊತ್ತಾಗುತ್ತದೆ. ಬಳಸಿದ ಗ್ರೀಸ್‌ನ ಮೂಲ ಬಣ್ಣ ಯಾವುದೆಂದು ಮೊದಲೇ ತಿಳಿದಿರಬೇಕು. ಕೆಲವು ಗ್ರೀಸ್ ಹುಟ್ಟಿನಿಂದಲೇ ಕೆಂಪು, ಕೆಲವು ಹಸಿರು. ಹಸಿರು ಗ್ರೀಸ್ ಹಾಕುವ ಜಾಯಿಂಟ್‌ನಿಂದ ಕಂದು ಬಣ್ಣದ್ದು ಹೊರಬಂದರೆ ಒಳಗೆ ಉಕ್ಕು ಸವೆಯುತ್ತಿದೆ ಅಥವಾ ತುಕ್ಕು ಹಿಡಿಯುತ್ತಿದೆ ಎಂದೇ ಲೆಕ್ಕ.

ಇಷ್ಟು ಜಾಗ್ರತೆ ಏಕೆ ಬೇಕು? ವಿಮಾನದ ಮೈಕಟ್ಟಿನ ಬಹುಪಾಲು ಭಾಗಗಳನ್ನು ಬಿರುಕು ಬಿದ್ದರೂ ಮುಂದಿನ ತಪಾಸಣೆಯವರೆಗೆ ತಡೆದುಕೊಳ್ಳುವಂತೆ ವಿನ್ಯಾಸ ಮಾಡಿರುತ್ತಾರೆ. ಲ್ಯಾಂಡಿಂಗ್ ಗೇರ್ ಹಾಗಲ್ಲ. ಅದು ಸೇಫ್ ಲೈಫ್ ಭಾಗ. ಇಷ್ಟು ಲ್ಯಾಂಡಿಂಗ್ ಆದ ಮೇಲೆ ಕಳಚಿ ಎಸೆಯಬೇಕು, ಅಲ್ಲಿಯವರೆಗೆ ಬಿರುಕೇ ಬೀಳಬಾರದು ಎಂಬ ಲೆಕ್ಕದ ಮೇಲೆ ಅದು ನಿಂತಿದೆ. ಮೇಲ್ಮೈ ಹಾಳಾಗಿಲ್ಲ ಎಂದುಕೊಂಡೇ ಆ ಲೆಕ್ಕ ಮಾಡಿರುತ್ತಾರೆ. ಸಿಲಿಂಡರ್, ಪಿಸ್ಟನ್, ಆಕ್ಸಲ್‌ಗಳಿಗೆ ಬಳಸುವ 300ಎಂ ಉಕ್ಕಿನ ಬಲ 1930 ಮೆಗಾಪಾಸ್ಕಲ್‌ಗೂ ಹೆಚ್ಚು. ಆದರೆ ಬಲ ಹೆಚ್ಚಿದಷ್ಟೂ ಬಿರುಕನ್ನು ಸಹಿಸುವ ಗುಣ ಕಡಿಮೆ. ಕೆಲವೇ ಮಿಲಿಮೀಟರ್ ಆಳದ ಬಿರುಕು ಸಾಕು, ಭಾಗ ಒಂದೇ ಏಟಿಗೆ ಮುರಿಯುತ್ತದೆ. ತುಕ್ಕಿನ ಒಂದು ಕುಳಿ ಬಿದ್ದರೆ ಕಾಗದದ ಮೇಲಿರುವ ಆಯುಷ್ಯ ಆ ಭಾಗಕ್ಕೆ ಅನ್ವಯಿಸುವುದೇ ಇಲ್ಲ.

2016ರ ಅಕ್ಟೋಬರ್ 28ರಂದು ಅಮೆರಿಕದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಇಳಿದ ಎಂಡಿ-10 ಸರಕು ವಿಮಾನವೊಂದರ ಎಡ ಮುಖ್ಯ ಗೇರ್ ಮುರಿದು ವಿಮಾನಕ್ಕೆ ಬೆಂಕಿ ಹತ್ತಿತು. ಅಲ್ಲಿನ ಸಾರಿಗೆ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿಯ ತನಿಖೆಯಲ್ಲಿ ಬಿರುಕಿನ ಮೂಲ ಸಿಕ್ಕಿದ್ದು ಗಾಳಿ ತುಂಬುವ ವಾಲ್ವ್ ಕೂರುವ ರಂಧ್ರದ ಒಳಗೆ. ಉಕ್ಕನ್ನು ತುಕ್ಕಿನಿಂದ ಕಾಯಲು ಅಲ್ಲಿ ಇರಬೇಕಾಗಿದ್ದ ಕ್ಯಾಡ್ಮಿಯಂ ಲೇಪನ ಇರಲಿಲ್ಲ, ಕುಳಿ ಬಿದ್ದಿತ್ತು, ಕುಳಿಯಿಂದ ಫೆಟೀಗ್ ಬಿರುಕು (ಭಾರ ಮತ್ತೆ ಮತ್ತೆ ಬಿದ್ದು ಬೆಳೆಯುವಂಥದ್ದು) ಬೆಳೆದಿತ್ತು. ಓವರ್‌ಹಾಲ್ ಅವಧಿಯನ್ನು ತಯಾರಕರು ಹೇಳಿದ್ದಕ್ಕಿಂತ ಉದ್ದ ಇಟ್ಟುಕೊಂಡಿದ್ದೂ ಕಾರಣಗಳಲ್ಲೊಂದು ಎಂದು ವರದಿ ಹೇಳಿತು. ಗೇರ್‌ಗಳಿಗೆ ಸಾಮಾನ್ಯವಾಗಿ 10 ವರ್ಷ ಅಥವಾ 20 ಸಾವಿರ ಲ್ಯಾಂಡಿಂಗ್‌ಗಳ ಆಸುಪಾಸಿನ ಮಿತಿ ಇರುತ್ತದೆ, ಯಾವುದು ಮೊದಲೋ ಅದು. ಲ್ಯಾಂಡಿಂಗ್ ಎಣಿಕೆ ಫೆಟೀಗ್‌ಗೆ, ವರ್ಷದ ಎಣಿಕೆ ತುಕ್ಕಿಗೆ. ಕಡಿಮೆ ಹಾರಿದ ವಿಮಾನದ ಗೇರ್ ಚೆನ್ನಾಗಿರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಂತ ವಿಮಾನದ ಜಾಯಿಂಟ್‌ಗಳಲ್ಲಿ ಗ್ರೀಸ್ ಓಡಾಡುವುದಿಲ್ಲ, ನೀರು ಮಾತ್ರ ಕೂತಿರುತ್ತದೆ.

ಕೆಲಸ ಶುರು ಮಾಡುವ ಮುನ್ನ ಮೂರು ದಾಖಲೆ ಮೇಜಿನ ಮೇಲಿರಬೇಕು: ಆ ಪಾರ್ಟ್ ನಂಬರ್‌ಗೆ ಸೇರಿದ ಕಾಂಪೊನೆಂಟ್ ಮೆಯಿಂಟೆನೆನ್ಸ್ ಮ್ಯಾನುಯಲ್‌ನ ಇತ್ತೀಚಿನ ಪರಿಷ್ಕರಣೆ, ಅನ್ವಯವಾಗುವ ಏರ್‌ವರ್ದಿನೆಸ್ ಡೈರೆಕ್ಟಿವ್‌ಗಳ (ವಿಮಾನಯಾನ ನಿಯಂತ್ರಕರ ಆದೇಶ) ಪಟ್ಟಿ, ಸರ್ವಿಸ್ ಬುಲೆಟಿನ್‌ಗಳ (ತಯಾರಕರ ಸೂಚನೆ) ಪಟ್ಟಿ. ಡೈರೆಕ್ಟಿವ್ ಎಂದರೆ ಕಾನೂನು, ಅದರಲ್ಲಿ ಆಯ್ಕೆಯ ಮಾತಿಲ್ಲ. ಪರಿಷ್ಕರಣೆಯ ದಿನಾಂಕ ನೋಡದೆ ಹಳೆಯ ಪುಟದಿಂದ ಅಳತೆ ತೆಗೆದುಕೊಳ್ಳುವುದೇ ನಾನು ಹೆಚ್ಚಾಗಿ ಕಾಣುವ ಕಾಗದದ ತಪ್ಪು.

ಬಿಚ್ಚಿದ ಮೇಲೆ ನನ್ನ ಕಣ್ಣು ಮೊದಲು ಹೋಗುವುದು ಬುಷ್‌ಗಳ ಕಡೆ. ಅಲ್ಯೂಮಿನಿಯಂ ಕಂಚಿನ ಬುಷ್ ಉಕ್ಕಿನ ಲಗ್‌ನಲ್ಲಿ (ಪಿನ್‌ಗೆ ರಂಧ್ರವಿರುವ ಕಿವಿಯಂಥ ಭಾಗ) ಒತ್ತಿ ಕೂತಿರುತ್ತದೆ. ಎರಡು ಬೇರೆ ಲೋಹ, ನಡುವೆ ನೀರು ಸೇರಿದರೆ ಬ್ಯಾಟರಿಯಾಯಿತು, ಕರಗುವುದು ಉಕ್ಕು. ನೀರು ಒಳಗೆ ಹೋಗದಂತೆ ಕಾಯುವುದು ಬುಷ್‌ನ ಹೊರಚಾಚಿದ ಅಂಚಿನ (ಫ್ಲ್ಯಾಂಜ್) ಸುತ್ತಲಿನ ತೆಳು ಸೀಲಂಟ್ ಗೆರೆ ಒಂದೇ. ಅದನ್ನು ಉಗುರಿನಿಂದ ಸುತ್ತಲೂ ಒತ್ತಿ ನೋಡುತ್ತೇನೆ. ಎಲ್ಲಾದರೂ ಎದ್ದರೆ, ಒಡೆದಿದ್ದರೆ, ಬುಷ್ ಒಳಗೆ ಎಷ್ಟೇ ಹೊಳೆಯುತ್ತಿದ್ದರೂ ಅದು ಹೊರಬರಲೇಬೇಕು. ಇನ್ನೊಂದು ಗುರುತು ಗ್ರೀಸ್ ರಂಧ್ರ. ಬುಷ್‌ನ ರಂಧ್ರವೂ ಲಗ್‌ನ ರಂಧ್ರವೂ ಒಂದಕ್ಕೊಂದು ಎದುರಾಗಿರಬೇಕು. ಪಕ್ಕಕ್ಕೆ ಸರಿದಿದ್ದರೆ ಬುಷ್ ತಿರುಗಿದೆ. ಅಂದರೆ ಬಿಗಿತ ಹೋಗಿದೆ, ಗ್ರೀಸ್ ಒಳಗೆ ಹೋಗುವುದು ನಿಂತಿದೆ, ಬುಷ್‌ನ ಹಿಂದಿನ ಉಕ್ಕು ಉಜ್ಜಿಸಿಕೊಳ್ಳುತ್ತಿದೆ. ಹೀಗೆ ತಿರುಗಿದ ಬುಷ್‌ನ ಹಿಂದೆ ತುಕ್ಕು ಇಲ್ಲದಿರುವುದು ಅಪರೂಪ. ಬುಷ್ ತೆಗೆಯುವಾಗ ಉಳಿ ಬಳಸಬಾರದು. ಒಳಗಿನಿಂದ ಕೊರೆದು ತೆಳುವಾದ ಸಿಪ್ಪೆಯಾಗಿಸಿ, ಆಮೇಲೆ ಒಳಮುಖವಾಗಿ ಮಡಚಿ ತೆಗೆದರೆ ಲಗ್‌ನ ಗೋಡೆಗೆ ಗೀರು ಬೀಳುವುದಿಲ್ಲ.

ಎರಡನೆಯದು ಟೊಳ್ಳು ಪಿನ್‌ಗಳ ಒಳಮೈ. ಹೊರಮೈಯಲ್ಲಿ ಕ್ರೋಮ್ ಹೊಳೆಯುತ್ತಿರುತ್ತದೆ, ಎಲ್ಲರೂ ಅದನ್ನೇ ನೋಡುತ್ತಾರೆ. ಒಳಗೆ ಕ್ಯಾಡ್ಮಿಯಂ, ಅದರ ಮೇಲೆ ಪೇಂಟ್ ಅಥವಾ ತುಕ್ಕುನಿರೋಧಕ ಮೇಣ ಇರುತ್ತದೆ. ಮೇಣ ಸವೆದು ಡ್ರೈನ್ ರಂಧ್ರ ಮುಚ್ಚಿದರೆ ಪಿನ್‌ನ ತಳದಲ್ಲಿ ನೀರು ವರ್ಷಗಟ್ಟಲೆ ನಿಲ್ಲುತ್ತದೆ. ಬೋರೋಸ್ಕೋಪ್ (ರಂಧ್ರದೊಳಗೆ ತೂರಿಸಿ ನೋಡುವ ಸಾಧನ) ಹಾಕಿ ನೋಡುವಾಗ ಬೆಳಕು ನೇರವಾಗಿ ಬಿದ್ದರೆ ಕುಳಿ ಕಾಣುವುದಿಲ್ಲ. ಓರೆಯಾಗಿ ಬಿದ್ದಾಗ ಮಾತ್ರ ಕುಳಿಯ ಅಂಚು ನೆರಳು ಕೊಡುತ್ತದೆ. ಹೊರಮೈಗೆ ಟಾರ್ಚ್ ಹಿಡಿಯುವಾಗಲೂ ಇದೇ ಪಾಠ: ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ ಹಿಡಿದು, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಬೇಕು.

ಆಕ್ಸಲ್‌ನಲ್ಲಿ ಬ್ರೇಕ್ ಕೂರುವ ಜಾಗ ಮೂರನೆಯದು. ಅಲ್ಲಿ ಬಿಸಿಯೂ ಇದೆ, ಕಾರ್ಬನ್ ದೂಳೂ ಇದೆ. ಚಳಿ ಪ್ರದೇಶಗಳ ರನ್‌ವೇಗಳಲ್ಲಿ ಮಂಜು ಕರಗಿಸಲು ಸುರಿಯುವ ಪೊಟ್ಯಾಸಿಯಂ ಅಸಿಟೇಟ್, ಪೊಟ್ಯಾಸಿಯಂ ಫಾರ್ಮೇಟ್ ಕ್ಯಾಡ್ಮಿಯಂ ಲೇಪನವನ್ನು ತಿನ್ನುತ್ತವೆ. ಅಂಥ ಕಡೆ ಓಡಾಡಿದ ಗೇರ್‌ನಲ್ಲಿ ಲೇಪನ ಲೆಕ್ಕಕ್ಕಿಂತ ಬೇಗ ಹೋಗಿರುತ್ತದೆ. ಅದಲ್ಲದೆ ನೋಡಬೇಕಾದ ಜಾಗಗಳು: ಗ್ಲ್ಯಾಂಡ್ ನಟ್‌ನ (ಸಿಲಿಂಡರ್ ಬಾಯಿಯಲ್ಲಿ ಸೀಲ್ ಹಿಡಿಯುವ ನಟ್) ಥ್ರೆಡ್, ಟಾರ್ಕ್ ಲಿಂಕ್‌ನ (ಪಿಸ್ಟನ್ ತಿರುಗದಂತೆ ಹಿಡಿಯುವ ಕೀಲು) ತುದಿ, ವಾಲ್ವ್ ರಂಧ್ರಗಳು, ನೇಮ್‌ಪ್ಲೇಟ್‌ನ ಕೆಳಗೆ, ಕೇಬಲ್ ಕ್ಲ್ಯಾಂಪ್‌ನ ಕೆಳಗೆ. ನೇಮ್‌ಪ್ಲೇಟ್ ತೆಗೆಯದೆ ತಪಾಸಣೆ ಮುಗಿಸಬೇಡಿ.

ಬಣ್ಣದಿಂದ ಹಂತ ಗೊತ್ತಾಗುತ್ತದೆ. ಕ್ಯಾಡ್ಮಿಯಂ ಇರುವ ಉಕ್ಕಿನ ಮೇಲೆ ಬಿಳಿ ಅಥವಾ ಬೂದು ಪುಡಿ ಕಂಡರೆ ಲೇಪನ ತನ್ನನ್ನೇ ಕೊಟ್ಟು ಉಕ್ಕನ್ನು ಕಾಯುತ್ತಿದೆ ಎಂದರ್ಥ. ಕೆಂಪು ಕಂಡರೆ ಅಲ್ಲಿ ಲೇಪನ ಮುಗಿದಿದೆ. ಈ ಪುಡಿಯನ್ನು ಒಣಗಿದ್ದಾಗ ಉಜ್ಜುವುದು, ಊದುವುದು ಎರಡೂ ಕೂಡದು. ಕ್ಯಾಡ್ಮಿಯಂ ದೂಳು ವಿಷ. ಕ್ರೋಮ್ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಕಂಡರೆ ಒರೆಸಿ ಮುಂದೆ ಹೋಗಬಾರದು. ಕ್ರೋಮ್‌ನಲ್ಲಿ ಹುಟ್ಟಿನಿಂದಲೇ ಸೂಕ್ಷ್ಮ ಸೀಳುಗಳಿರುತ್ತವೆ, ಅವುಗಳ ಮೂಲಕ ನೀರು ತಳ ಮುಟ್ಟಿರುತ್ತದೆ. ಮೇಲೆ ಚುಕ್ಕೆ, ಕೆಳಗೆ ಅದಕ್ಕಿಂತ ಅಗಲವಾದ ಕುಳಿ.

ಲೇಪನ ತೆಗೆಯುವ ಹಂತದಲ್ಲೇ ಒಳ್ಳೆಯ ಭಾಗಗಳು ಹಾಳಾಗುವುದು. 300ಎಂ ಉಕ್ಕನ್ನು ಆಮ್ಲದಲ್ಲಿ ಅದ್ದಿದರೆ ಹೈಡ್ರೋಜನ್ ಒಳಗೆ ಸೇರುತ್ತದೆ. ಆ ಕ್ಷಣಕ್ಕೆ ಏನೂ ಕಾಣುವುದಿಲ್ಲ, ಭಾರ ಬಿದ್ದು ಗಂಟೆಗಳೋ ದಿನಗಳೋ ಕಳೆದ ಮೇಲೆ ಸದ್ದಿಲ್ಲದೆ ಸೀಳುತ್ತದೆ. ಅದಕ್ಕೇ ಕ್ಯಾಡ್ಮಿಯಂ ತೆಗೆಯಲು ಅಮೋನಿಯಂ ನೈಟ್ರೇಟ್ ದ್ರಾವಣ, ಕ್ರೋಮ್ ತೆಗೆಯಲು ಕ್ಷಾರದ ದ್ರಾವಣದಲ್ಲಿ ಭಾಗವನ್ನು ಆನೋಡ್ ಮಾಡಿ ವಿದ್ಯುತ್ ಹರಿಸುವ ಕ್ರಮ. ಧನ ಋಣ ತಂತಿ ಅದಲು ಬದಲಾದರೆ ಹೈಡ್ರೋಜನ್ ನೇರ ಭಾಗದ ಮೈಮೇಲೆಯೇ ಹುಟ್ಟುತ್ತದೆ, ಆದ್ದರಿಂದ ಸ್ವಿಚ್ ಹಾಕುವ ಮುನ್ನ ಇನ್ನೊಬ್ಬರು ನೋಡಿ ಸಹಿ ಹಾಕಬೇಕು ಎಂಬ ಪದ್ಧತಿ ಇಟ್ಟುಕೊಳ್ಳಿ. ಲೇಪನ ಹೋದ ಬರಿ ಉಕ್ಕನ್ನು ಕೈಗವಸಿಲ್ಲದೆ ಮುಟ್ಟಬಾರದು. ಬೆರಳಚ್ಚಿನ ಉಪ್ಪು ಸಾಕು, ಮರುದಿನ ಬೆರಳಿನ ಗೆರೆಗಳೇ ತುಕ್ಕಾಗಿ ಮೂಡಿರುತ್ತವೆ. ಒಣಗಿದ ಕೂಡಲೇ ತುಕ್ಕುನಿರೋಧಕ ಎಣ್ಣೆ ಹಚ್ಚಿಡುತ್ತೇನೆ.

ಉಕ್ಕಿನಲ್ಲಿ ಬಿರುಕು ಹುಡುಕಲು ಹೊಳೆಯುವ ಕಾಂತಕಣದ ಪರೀಕ್ಷೆ: ಭಾಗವನ್ನು ಕಾಂತವಾಗಿಸಿ ಕಣಗಳಿರುವ ದ್ರಾವಣ ಸುರಿದರೆ ಕಣಗಳು ಬಿರುಕಿನ ಮೇಲೆ ಸೇರಿ ಯುವಿ (ನೇರಳಾತೀತ) ಬೆಳಕಿನಲ್ಲಿ ಹೊಳೆಯುತ್ತವೆ. ಎಎಸ್‌ಟಿಎಂ ಇ1444 ಎಂಬ ಮಾನದಂಡದ ಪ್ರಕಾರ ಯುವಿ ದೀಪ 38 ಸೆಂ.ಮೀ. ದೂರದಲ್ಲಿ ಚದರ ಸೆಂಟಿಮೀಟರ್‌ಗೆ ಕನಿಷ್ಠ 1000 ಮೈಕ್ರೋವ್ಯಾಟ್ ಕೊಡಬೇಕು, ಕೋಣೆಯ ಸಾಮಾನ್ಯ ಬೆಳಕು ಸುಮಾರು 20 ಲಕ್ಸ್ ಮೀರಬಾರದು. ಕತ್ತಲಿಗೆ ಹೋದ ಮೇಲೆ ಕಣ್ಣು ಹೊಂದಿಕೊಳ್ಳಲು ಕನಿಷ್ಠ 1 ನಿಮಿಷ ಬೇಕು. ನಾನು 5 ನಿಮಿಷ ಕೊಡುತ್ತೇನೆ. ಬಿಸಿಲಿಗೆ ಬಣ್ಣ ಬದಲಿಸುವ ಕನ್ನಡಕ ಹಾಕಿದವರು ಈ ಕೆಲಸ ಮಾಡುವಂತಿಲ್ಲ. ದ್ರಾವಣದ 100 ಮಿ.ಲೀ. ಮಾದರಿ ತೆಗೆದು ನಿಲ್ಲಿಸಿದಾಗ ತಳದಲ್ಲಿ ಕೂರುವ ಕಣ 0.1ರಿಂದ 0.4 ಮಿ.ಲೀ. ಒಳಗಿರಬೇಕು. ಕಡಿಮೆಯಾದರೆ ಬಿರುಕು ಕಾಣುವುದಿಲ್ಲ, ಹೆಚ್ಚಾದರೆ ಇಡೀ ಮೈ ಹೊಳೆದು ಬಿರುಕು ಅದರಲ್ಲಿ ಮುಳುಗುತ್ತದೆ. ಕಾಂತಕ್ಷೇತ್ರ ಎರಡು ದಿಕ್ಕಿನಲ್ಲಿ, ಒಂದಕ್ಕೊಂದು ಅಡ್ಡವಾಗಿ ಹಾಯಬೇಕು, ಏಕೆಂದರೆ ಕ್ಷೇತ್ರಕ್ಕೆ ಸಮಾನಾಂತರವಾದ ಬಿರುಕು ಕಣ ಹಿಡಿಯುವುದಿಲ್ಲ. ಮೇಲ್ಮೈಯಲ್ಲಿ ಕ್ಷೇತ್ರದ ಬಲ 30ರಿಂದ 60 ಗಾಸ್ ಇರಬೇಕು. ಭಾಗದ ತುದಿಗೆ ನೇರವಾಗಿ ವಿದ್ಯುತ್ ಕೊಟ್ಟರೆ ಕಿಡಿ ಹಾರಿ ಸುಟ್ಟ ಚುಕ್ಕೆ ಬೀಳುವ ಅಪಾಯವಿದೆ. 300ಎಂನಲ್ಲಿ ಅಂಥ ಒಂದು ಚುಕ್ಕೆಯೇ ಹೊಸ ಬಿರುಕಿನ ಬೀಜ. ಟೊಳ್ಳು ಭಾಗಗಳ ಒಳಗೆ ತಾಮ್ರದ ಸರಳು ತೂರಿಸಿ ಅದರಲ್ಲಿ ವಿದ್ಯುತ್ ಹರಿಸುವುದೇ ನನ್ನ ಆಯ್ಕೆ. ಕೊನೆಗೆ ಕಾಂತತೆ ಕಳೆದು, ಉಳಿದದ್ದು 3 ಗಾಸ್ ಮೀರಿಲ್ಲವೆಂದು ಮೀಟರ್‌ನಲ್ಲಿ ನೋಡಬೇಕು.

ಅಲ್ಯೂಮಿನಿಯಂ ಭಾಗಗಳ ತುಕ್ಕಿನ ರೀತಿ ಬೇರೆ. 7075-ಟಿ6 ಮಿಶ್ರಲೋಹದಲ್ಲಿ ಅದು ಕಣಗಳ ಗಡಿಯಲ್ಲಿ ನುಸುಳುತ್ತದೆ, ಮೇಲ್ಮೈ ಪದರಪದರವಾಗಿ ಉಬ್ಬುತ್ತದೆ. ಪೇಂಟ್ ಮೇಲೆ ಬೆರಳಾಡಿಸಿದರೆ ಉಬ್ಬು ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ. ಅದೇ ಲೋಹವನ್ನು ಬೇರೆ ರೀತಿ ಕಾಯಿಸಿ ಹದ ಮಾಡಿದ ಟಿ73 ಇದನ್ನು ಚೆನ್ನಾಗಿ ತಡೆಯುತ್ತದೆ. ಅಲ್ಯೂಮಿನಿಯಂಗೆ ಹೊಳೆಯುವ ಪೆನಿಟ್ರಂಟ್ (ಬಿರುಕಿನೊಳಗೆ ಇಳಿಯುವ ದ್ರವ) ಪರೀಕ್ಷೆ, ದ್ರವ ಕನಿಷ್ಠ 10 ನಿಮಿಷ ಕೂತಿರಬೇಕು. ಉಜ್ಜಿದ ಅಲ್ಯೂಮಿನಿಯಂ ಮೆತ್ತಗೆ ಹರಡಿ ಬಿರುಕಿನ ಬಾಯಿ ಮುಚ್ಚಿರುತ್ತದೆ, ಹಾಗಾಗಿ ಎಚ್ ಮಾಡದೆ (ರಾಸಾಯನಿಕದಿಂದ ಮೇಲ್ಮೈಯನ್ನು ತುಸು ಕರಗಿಸದೆ) ಪೆನಿಟ್ರಂಟ್ ಹಾಕಿದರೆ ವ್ಯರ್ಥ. ಉಕ್ಕಿನ ಬ್ರಷ್, ಉಕ್ಕಿನ ಉಣ್ಣೆ ಇದರ ಹತ್ತಿರ ಬರಬಾರದು; ಅದರ ಚೂರುಗಳು ಒಳಗೆ ಹುದುಗಿ ಹೊಸ ತುಕ್ಕು ಶುರು ಮಾಡುತ್ತವೆ.

ಕುಳಿ ಸಿಕ್ಕರೆ ಆಳ ಅಳೆಯಬೇಕು. ಡಯಲ್ ಗೇಜ್‌ನ ಮೊನೆ ಸಣ್ಣ ಕುಳಿಯ ತಳ ಮುಟ್ಟುವುದಿಲ್ಲ, ಕಡಿಮೆ ಆಳ ತೋರಿಸಿ ಮೋಸ ಮಾಡುತ್ತದೆ. ಸಿಲಿಕೋನ್ ರಬ್ಬರ್‌ನಿಂದ ಅಚ್ಚು ತೆಗೆದು, ಆ ಅಚ್ಚಿನ ಎತ್ತರವನ್ನು ದೊಡ್ಡದಾಗಿಸಿ ಅಳೆಯುತ್ತೇನೆ. ಆಮೇಲೆ ಉಜ್ಜಿ ತೆಗೆಯುವುದು. ಕಣ್ಣಿಗೆ ತುಕ್ಕು ಹೋಯಿತೆಂದು ಕಂಡ ಮೇಲೂ ಮ್ಯಾನುಯಲ್ ಹೇಳಿದಷ್ಟು ಇನ್ನೂ ತೆಗೆಯಬೇಕು, ಏಕೆಂದರೆ ತಳದಲ್ಲಿ ಕಾಣದ ಬೇರು ಉಳಿದಿರುತ್ತದೆ. ತಗ್ಗಿನ ಉದ್ದ ಸಾಮಾನ್ಯವಾಗಿ ಆಳದ 20 ಪಟ್ಟು: 0.3 ಮಿ.ಮೀ. ಆಳಕ್ಕೆ 6 ಮಿ.ಮೀ. ಉಕ್ಕನ್ನು ಅವಸರದಲ್ಲಿ ಗ್ರೈಂಡ್ ಮಾಡಿದರೆ ಸುಡುತ್ತದೆ, ಸುಟ್ಟದ್ದು ಬರಿಗಣ್ಣಿಗೆ ಕಾಣುವುದಿಲ್ಲ. ನೈಟಲ್‌ನಿಂದ (ಆಲ್ಕೋಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಎಚ್ ಮಾಡಿದಾಗ ಹದ ಕೆಟ್ಟ ಜಾಗ ಕಪ್ಪಾಗಿಯೂ, ಮತ್ತೆ ಗಟ್ಟಿಯಾದ ಜಾಗ ಕಪ್ಪು ಅಂಚಿನ ಬಿಳಿ ಮಚ್ಚೆಯಾಗಿಯೂ ಕಾಣುತ್ತದೆ. ಮತ್ತೆ ಕಾಂತಕಣದ ಪರೀಕ್ಷೆ, ಶಾಟ್ ಪೀನಿಂಗ್ (ಸಣ್ಣ ಗುಂಡುಗಳನ್ನು ಬಡಿದು ಮೇಲ್ಮೈಯನ್ನು ಗಟ್ಟಿ ಮಾಡುವುದು), ಆಮೇಲೆ ಕ್ಯಾಡ್ಮಿಯಂ. ಒಳಗೆ ಸೇರಿದ ಹೈಡ್ರೋಜನ್ ಹೊರಹೋಗಲು ಲೇಪನ ಮುಗಿದ 4 ಗಂಟೆಯೊಳಗೆ ಭಾಗ ಓವನ್ ಸೇರಬೇಕು, 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 23 ಗಂಟೆ. ನಡುವೆ ವಿದ್ಯುತ್ ಹೋದರೆ ಏನು ಮಾಡಬೇಕೆಂಬುದು ಮೊದಲೇ ಬರಹದಲ್ಲಿರಬೇಕು. ಓವನ್‌ನ ತಾಪಮಾನದ ಚಾರ್ಟ್ ಇಲ್ಲದ ಬೇಕಿಂಗ್ ಅನ್ನು ಆಗಿಲ್ಲವೆಂದೇ ಪರಿಗಣಿಸುತ್ತೇನೆ.

ಅಳತೆ ಮಿತಿ ಮೀರಿದರೆ ಎರಡೇ ದಾರಿ: ಭಾಗವನ್ನು ತಿರಸ್ಕರಿಸುವುದು, ಅಥವಾ ವಿನ್ಯಾಸದ ಅನುಮೋದನೆ ಇರುವವರಿಂದ ಲಿಖಿತ ದುರಸ್ತಿ ಆದೇಶ ಪಡೆಯುವುದು. 0.02 ಮಿ.ಮೀ. ತಾನೇ ಎಂದು ಬಿಡುವ ಅಧಿಕಾರ ತಪಾಸಣೆ ಮಾಡುವವನಿಗೆ ಇಲ್ಲ. ಸುರಕ್ಷತೆಗೆ ಕುತ್ತು ತರುವಂಥ ದೋಷ ಸಿಕ್ಕರೆ ವರದಿ ಮಾಡಲು ಯುರೋಪಿನ ನಿಯಮದಲ್ಲಿ 72 ಗಂಟೆ, ಅಮೆರಿಕದಲ್ಲಿ ರಿಪೇರ್ ಸ್ಟೇಷನ್‌ಗಳಿಗೆ 96 ಗಂಟೆ ಸಮಯವಿದೆ. ತಿರಸ್ಕರಿಸಿದ ಭಾಗವನ್ನು ಮತ್ತೆ ಬಳಸಲಾಗದಂತೆ ಕತ್ತರಿಸಿ, ಸೀರಿಯಲ್ ನಂಬರ್ ದಾಖಲಿಸಬೇಕು.

ಜೋಡಣೆಯಲ್ಲಿ ಒಂದು ವಿಷಯ ಹೇಳಲೇಬೇಕು. ಹೊಸ ಬುಷ್ ಕೂರಿಸಲು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಕುಗ್ಗಿಸುತ್ತಾರೆ. ಹೊರತೆಗೆದ ಕ್ಷಣವೇ ಅದರ ಮೈಮೇಲೆ ಬಿಳಿ ಹಿಮ ಕಟ್ಟುತ್ತದೆ. ಅದನ್ನು ಒರೆಸದೆ ಒತ್ತಿದರೆ ಮುಂದಿನ 10 ವರ್ಷಕ್ಕೆ ಬೇಕಾದ ನೀರನ್ನು ನಾವೇ ಒಳಗಿಟ್ಟು ಬೀಗ ಹಾಕಿದಂತೆ. ಲಗ್‌ನ ರಂಧ್ರಕ್ಕೆ ಮ್ಯಾನುಯಲ್ ಹೇಳಿದ ಪ್ರೈಮರ್ ಅಥವಾ ಸೀಲಂಟ್ ಹಸಿಯಾಗಿ ಹಚ್ಚಿಟ್ಟು, ಬುಷ್‌ನ ಹಿಮ ಒರೆಸಿ, ಕೆಲವೇ ಸೆಕೆಂಡುಗಳಲ್ಲಿ ಕೂರಿಸಬೇಕು. ಬೆಚ್ಚಗಾದ ಮೇಲೆ ಫ್ಲ್ಯಾಂಜ್‌ನ ಕೆಳಗೆ ಅತಿ ತೆಳುವಾದ ಫೀಲರ್ ಗೇಜ್ ತೂರುತ್ತದೆಯೇ ಎಂದು ಸುತ್ತಲೂ ನೋಡಿ, ಗ್ರೀಸ್ ರಂಧ್ರಗಳು ಎದುರಾಗಿವೆ ಎಂದು ಖಚಿತ ಮಾಡಿಕೊಂಡು, ಆಮೇಲೆ ಸೀಲಂಟ್‌ನ ಅಂಚು ಕಟ್ಟುತ್ತೇನೆ. ಗೇರ್ ವಿಮಾನಕ್ಕೆ ಸೇರಿದ ಮೇಲೆ ಗ್ರೀಸ್ ತುಂಬುವುದು ಜ್ಯಾಕ್ ಮೇಲಿರುವಾಗ. ಭಾರ ಬಿದ್ದಿದ್ದರೆ ಪಿನ್ ಒಂದು ಬದಿಗೆ ಒತ್ತಿಕೊಂಡು ಆ ಕಡೆಗೆ ಗ್ರೀಸ್ ಹೋಗುವುದಿಲ್ಲ. ಹಳೆಯದೆಲ್ಲ ಹೊರಬಂದು ಹೊಸ ಬಣ್ಣದ ಗ್ರೀಸ್ ಎರಡೂ ಅಂಚಿನಲ್ಲಿ ಕಾಣುವವರೆಗೆ ಪಂಪ್ ಮಾಡಬೇಕು. ಹೆಚ್ಚು ಒತ್ತಡದ ನೀರಿನಲ್ಲಿ ಗೇರ್ ತೊಳೆದಾಗಲೆಲ್ಲ ಇದೇ ಕೆಲಸ ಮತ್ತೊಮ್ಮೆ.