ಕೊರೊನಾ ವರ್ಷಗಳ ಕ್ಯಾನ್ಸರ್ ಅಂಕಿ ಓದುವ ಬಗೆ: ಕೊಡಗಿನಲ್ಲಿ ಲೆಕ್ಕ ಹಿಡಿಯುವವರಿಗೆ

2020ರ ಪಟ್ಟಿಯಲ್ಲಿ ಕ್ಯಾನ್ಸರ್ ಪ್ರಕರಣ ಇಳಿದಿದ್ದರೆ ರೋಗವೇ ಇಳಿಯಿತೆಂದು ಬರೆದುಬಿಡಬೇಡಿ. ಆ ಮಾರ್ಚ್ 25ರಿಂದ ಲಾಕ್‌ಡೌನ್. ಮೈಸೂರು, ಮಂಗಳೂರಿಗೆ ಬಸ್ಸಿಲ್ಲ, ಬಾಯಿ, ಸ್ತನ, ಗರ್ಭಕಂಠದ ತಪಾಸಣೆಗೆ ಬರುವವರಿಲ್ಲ. ಗಡ್ಡೆ ಇದ್ದಲ್ಲೇ ಬೆಳೆಯುತ್ತಿತ್ತು.

ಹೋಲಿಕೆಗೆ 2017ರಿಂದ 2019ರ ಸರಾಸರಿ ಹಿಡಿಯಿರಿ. 2022ನ್ನು 2020ರ ಪಕ್ಕ ಇಟ್ಟರೆ ಇಲ್ಲದ ಏರಿಕೆ ಕಾಣುತ್ತದೆ. ಗಾಬರಿ ಹುಟ್ಟಿಸುವ ಸುದ್ದಿಗಳು ಹೀಗೂ ಹುಟ್ಟುತ್ತವೆ.

ಪ್ರತಿ ಪ್ರಕರಣಕ್ಕೂ ವಿಳಾಸ, ಬಯಾಪ್ಸಿ (ಗಡ್ಡೆಯ ತುಣುಕಿನ ಪರೀಕ್ಷೆ) ದಿನಾಂಕ, ರೋಗ ಎಷ್ಟು ಹರಡಿದೆ ಎಂಬ ಹಂತ ಬೇಕು. ಮಡಿಕೇರಿಯ ಆಸ್ಪತ್ರೆ ಪುಸ್ತಕವೊಂದೇ ಸಾಲದು, ಚಿಕಿತ್ಸೆಗೆ ಜಿಲ್ಲೆ ದಾಟುವವರೇ ಹೆಚ್ಚು. ಒಬ್ಬರೇ ಎರಡು ಕಡೆ ದಾಖಲಾಗಿರುತ್ತಾರೆ: ಹೆಸರು, ವಯಸ್ಸು, ಊರು, ಅಂಗ ತಾಳೆ ನೋಡಿ. ತೋಟದ ಕಾರ್ಮಿಕರ ಲೈನ್ ಮನೆಗಳವರಲ್ಲಿ ಕನಿಷ್ಠ ಒಂದು ವರ್ಷ ಇಲ್ಲಿ ವಾಸವಿದ್ದವರನ್ನು ಮಾತ್ರ ಸೇರಿಸಿ. ಕಾಫಿ ಕೊಯ್ಲಿಗಷ್ಟೇ ಬಂದವರ ಲೆಕ್ಕ ಅವರವರ ಊರಿಗೆ.

ಬಾಯಿ ಕ್ಯಾನ್ಸರ್ ವರ್ಷಕ್ಕೆ ಸರಾಸರಿ 40 ಎಂದಿಟ್ಟುಕೊಳ್ಳಿ. 40ರ ವರ್ಗಮೂಲ ಸುಮಾರು 6.3, ಅದರ ಎರಡರಷ್ಟು ಆಚೀಚೆ, ಅಂದರೆ 27ರಿಂದ 53ರವರೆಗಿನ ಏರಿಳಿತ ಬರೀ ಆಕಸ್ಮಿಕವಾಗಿಯೂ ಆಗುತ್ತದೆ. 2020ರಲ್ಲಿ 24, 2021ರಲ್ಲಿ 38, 2022ರಲ್ಲಿ 50 ಬಂದರೆ 24 ನಿಜವಾದ ಕುಸಿತ, 50 ಒಂದೇ ಏನನ್ನೂ ಹೇಳದು. ಮೂರನ್ನೂ ಕೂಡಿಸಿ: 120 ಬರಬೇಕಿದ್ದಲ್ಲಿ 112. ಉಳಿದ ಎಂಟು ಬರೀ ಆಕಸ್ಮಿಕ ಏರಿಳಿತವೂ ಇರಬಹುದು; ಅಲ್ಲದಿದ್ದರೆ ಕೆಲವರು ಇನ್ನೂ ಪತ್ತೆಯಾಗಿಲ್ಲದಿರಬಹುದು, ಕೆಲವರು ಪತ್ತೆಗೆ ಮೊದಲೇ ಕೊರೊನಾದಿಂದಲೋ ಬೇರೆ ಕಾಯಿಲೆಯಿಂದಲೋ ತೀರಿಕೊಂಡಿರಬಹುದು. ಮರಣ ನೋಂದಣಿಯನ್ನೂ ಪಕ್ಕದಲ್ಲಿಡಿ.

ಸಂಖ್ಯೆಗಿಂತ ಹಂತ ನಂಬಿಗಸ್ತ ಸಾಕ್ಷಿ. ಒಟ್ಟು ಅಷ್ಟೇ ಇದ್ದು ಮೂರು, ನಾಲ್ಕನೇ ಹಂತದ ಪಾಲು ಏರಿದ್ದರೆ ಪತ್ತೆ ತಡವಾಗಿದೆ. ಹಂತ ಬರೆಯದ ಪ್ರಕರಣಗಳನ್ನು ಬೇರೆಯೇ ಎಣಿಸಿ, ಮೊದಲ ಹಂತಕ್ಕೆ ತುರುಕಬೇಡಿ. ಶ್ವಾಸಕೋಶದಲ್ಲಿ ಉಲ್ಟಾ ಆಗುವುದುಂಟು: ಕೊರೊನಾಕ್ಕೆಂದು ತೆಗೆದ ಎದೆಯ ಸಿ.ಟಿ. ಸ್ಕ್ಯಾನಿನಲ್ಲಿ ಅಕಸ್ಮಾತ್ ಗಂಟು ಸಿಕ್ಕಿ ಬೇಗ ಪತ್ತೆಯಾದವರಿದ್ದಾರೆ.

ಸೋಂಕೇ ಕ್ಯಾನ್ಸರ್ ತರುವುದು ಬೇರೆ ವಿಷಯ. ಎಚ್‌ಐವಿ ರೋಗನಿರೋಧಕ ಶಕ್ತಿ ಕುಗ್ಗಿಸಿದ್ದರಿಂದ 1981ರಲ್ಲಿ ಅಮೆರಿಕದ ಯುವಕರಲ್ಲಿ ಕಪೋಸಿ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್ ಕಾಣಿಸಿತು. ಹೆಪಟೈಟಿಸ್ ಬಿ ಹಾಗಲ್ಲ, ಯಕೃತ್ತಿನ ಕ್ಯಾನ್ಸರಿಗೆ ದಶಕಗಳನ್ನೇ ತೆಗೆದುಕೊಳ್ಳುತ್ತದೆ. ಕೊರೊನಾ ಕಾಲದಲ್ಲಿ ಅದರ ಲಸಿಕೆ ತಪ್ಪಿದ್ದರೆ ಫಲ ಈಗಿನ ಅಂಕಿಯಲ್ಲಿ ಕಾಣದು. ಆದ್ದರಿಂದ 2020–21ರಲ್ಲಿ ಹುಟ್ಟಿದವರ ಲಸಿಕೆ ಪುಸ್ತಕ ತೆಗೆದು, ಹುಟ್ಟಿದ 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಡೋಸ್ ಮತ್ತು 6, 10, 14ನೇ ವಾರದ ಪೆಂಟಾವೇಲೆಂಟ್ (ಹೆಪಟೈಟಿಸ್ ಬಿ ಸೇರಿ ಐದು ರೋಗಗಳ ಲಸಿಕೆ) ಯಾರಿಗೆ ತಪ್ಪಿದೆ ಎಂದು ಹಾಡಿವಾರು (ಬುಡಕಟ್ಟು ಜನರ ವಸತಿವಾರು) ಪಟ್ಟಿ ಮಾಡಿ ವೈದ್ಯಾಧಿಕಾರಿಗೆ ಕೊಡಿ.