ಪೂರ್ವ ಏಷ್ಯಾದ ಜಾನಪದದಿಂದ ಹುಟ್ಟಿದ ಫ್ಯಾಂಟಸಿ ಕಾದಂಬರಿಯನ್ನು ಓದುವ ಬಗೆ

ಹದಿಹರೆಯದವರಿಗಾಗಿ ಬರೆದ ಇಂಥ ಕಾದಂಬರಿ ಕೈಗೆ ಬಂದಾಗ ಮೊದಲು ತಿಳಿಯಬೇಕಾದದ್ದು, ಕಥೆಯ ಬೇರು ಯಾವ ನಾಡಿನದು ಎಂಬುದು. ಬೆನ್ನುಡಿಯಲ್ಲಿ 'ಪೂರ್ವ ಏಷ್ಯಾ' ಎಂದಷ್ಟೇ ಇದ್ದರೆ ಸಾಲದು. ರಾಜ್ಯ ಕಾಲ್ಪನಿಕವಾಗಿದ್ದರೂ ಸಂಬೋಧನೆಗಳು ಗುಟ್ಟು ಬಿಟ್ಟುಕೊಡುತ್ತವೆ: ಹೆಸರಿನ ಕೊನೆಗೆ 'ಸಾಮ' ಬಂದರೆ ಜಪಾನ್, 'ನಿಮ್' ಬಂದರೆ ಕೊರಿಯಾ, ಅಣ್ಣನನ್ನು 'ಗೆಗೆ' ಎಂದು ಕರೆದರೆ ಚೀನಾ.

ಇದು ಏಕೆ ಮುಖ್ಯವೆಂದರೆ, ಒಂದೇ ಜೀವಿ ಗಡಿ ದಾಟಿದಾಗ ಅದರ ಸ್ವಭಾವವೇ ಬೇರೆಯಾಗುತ್ತದೆ. ಒಂಬತ್ತು ಬಾಲದ ನರಿಯನ್ನೇ ನೋಡಿ. ಕೊರಿಯಾದ ಗುಮಿಹೊ ಹೆಚ್ಚಿನ ಕಥೆಗಳಲ್ಲಿ ಮನುಷ್ಯರ ಯಕೃತ್ತು ತಿನ್ನುವ ಭಯಾನಕ ಜೀವಿ. ಜಪಾನಿನ ಕಿಟ್ಸುನೆ ಮೋಸವನ್ನೂ ಮಾಡುತ್ತದೆ, ಇನಾರಿ ದೇವತೆಯ ದೂತನೂ ಆಗಿರುತ್ತದೆ. ಚೀನಾದ ಕಥೆಗಳಲ್ಲಿ ನರಿ ಹೆಣ್ಣಾಗಿ ಬಂದು ಬಡ ವಿದ್ವಾಂಸನನ್ನು ಪ್ರೀತಿಸುವುದೂ ಉಂಟು. ನಾಡು ತಿಳಿಯದೆ ಓದಿದರೆ ನರಿ ಕಾಲಿಟ್ಟ ಅಧ್ಯಾಯದಲ್ಲಿ ಹೆದರಬೇಕೋ ನಂಬಬೇಕೋ ಗೊತ್ತಾಗುವುದಿಲ್ಲ. ಲೇಖಕರು ಕಟ್ಟಿದ ಆತಂಕವೇ ವ್ಯರ್ಥವಾಗುತ್ತದೆ. ಡ್ರ್ಯಾಗನ್ ವಿಷಯದಲ್ಲೂ ಎಚ್ಚರ. ಇಲ್ಲಿ ಅದು ಬೆಂಕಿ ಉಗುಳುವ ಮೃಗವಲ್ಲ; ಮಳೆ, ನದಿ, ಸಮುದ್ರಗಳ ಒಡೆಯ. ಅದು ಮುನಿದರೆ ಬರಗಾಲವನ್ನೋ ಪ್ರವಾಹವನ್ನೋ ನಿರೀಕ್ಷಿಸಿ.

ಪುಸ್ತಕದ ಜೊತೆ ಒಂದು ಹಾಳೆ ಇಟ್ಟುಕೊಳ್ಳಿ. ಪ್ರತಿ ಜೀವಿಗೂ ಮೂರು ಸಂಗತಿ ಬರೆದರೆ ಸಾಕು: ಅದಕ್ಕೆ ಏನು ಬೇಕು, ಅದರ ದೌರ್ಬಲ್ಯ ಏನು, ಅದರ ನಿಜರೂಪ ಹೇಗೆ ಬಯಲಾಗುತ್ತದೆ. ಜಪಾನಿನಲ್ಲಿ 'ಕಪ್ಪಾ' ಎಂಬ ನೀರಿನ ಜೀವಿಯ ನೆತ್ತಿಯ ಮೇಲಿನ ತಗ್ಗಿನಲ್ಲಿ ನೀರಿರುತ್ತದೆ, ಅದು ಚೆಲ್ಲಿದರೆ ಬಲ ಉಡುಗುತ್ತದೆ. ಇದು ಗೊತ್ತಿದ್ದವರಿಗೆ, ನಾಯಕಿ ಆ ಜೀವಿಯ ಮುಂದೆ ತಲೆಬಾಗಿದ್ದು ಬರಿಯ ವಿನಯವಲ್ಲ, ತಂತ್ರ ಎಂದು ತಕ್ಷಣ ಹೊಳೆಯುತ್ತದೆ. ಪ್ರತಿಯಾಗಿ ಅದೂ ಬಾಗುತ್ತದೆ, ನೀರು ಚೆಲ್ಲುತ್ತದೆ.

ಹೆಸರುಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಚೀನಾ, ಕೊರಿಯಾಗಳಲ್ಲಿ ಒಂದೇ ತಲೆಮಾರಿನ ಒಡಹುಟ್ಟಿದವರ ಹೆಸರುಗಳಲ್ಲಿ ಒಂದು ಅಕ್ಷರ ಸಮಾನವಾಗಿರುವುದೂ ಉಂಟು. ಆದ್ದರಿಂದ ಹೆಸರಿನ ಮೊದಲ ಭಾಗವನ್ನಷ್ಟೇ ನೋಡಿ ಓಡುವವರು ಮೂರನೇ ಅಧ್ಯಾಯದ ಹೊತ್ತಿಗೆ ಅಕ್ಕತಂಗಿಯರನ್ನು ಅದಲುಬದಲು ಮಾಡಿಕೊಂಡಿರುತ್ತಾರೆ. ಪೂರ್ಣ ಹೆಸರನ್ನು, ಸಂಬಂಧದೊಡನೆ, ಹಾಳೆಯಲ್ಲಿ ಬರೆಯಿರಿ.

ಮಂತ್ರವಿದ್ಯೆ ಪಂಚತತ್ತ್ವಗಳ ಮೇಲೆ ನಿಂತಿದ್ದರೆ ನಮ್ಮ ಪಂಚಭೂತಗಳನ್ನು ಪಕ್ಕಕ್ಕಿಡಿ. ಇಲ್ಲಿನ ಐದು: ಮರ, ಬೆಂಕಿ, ಮಣ್ಣು, ಲೋಹ, ನೀರು. ಇದೇ ಕ್ರಮದಲ್ಲಿ ಒಂದು ಇನ್ನೊಂದನ್ನು ಹುಟ್ಟಿಸುತ್ತದೆ, ನೀರು ಮತ್ತೆ ಮರವನ್ನು ಪೋಷಿಸುತ್ತದೆ. ಸೋಲಿಸುವ ಕ್ರಮ ಬೇರೆ: ಮರ ಮಣ್ಣನ್ನು ಸೀಳುತ್ತದೆ, ಮಣ್ಣು ನೀರನ್ನು ತಡೆಯುತ್ತದೆ, ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಲೋಹವನ್ನು ಕರಗಿಸುತ್ತದೆ, ಲೋಹ ಮರವನ್ನು ಕಡಿಯುತ್ತದೆ. ಈ ಎರಡು ಚಕ್ರಗಳನ್ನು ಮುಖಪುಟದ ಒಳಭಾಗದಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟರೆ ಯುದ್ಧದ ದೃಶ್ಯಗಳಲ್ಲಿ ಯಾರು ಗೆಲ್ಲಬಹುದೆಂದು ನೀವೇ ಊಹಿಸಬಹುದು. ಓದಿನ ಅರ್ಧ ಖುಷಿ ಅಲ್ಲೇ ಇದೆ.

ಕಾಲ, ದೂರಗಳ ಲೆಕ್ಕ ಚಿಕ್ಕದು, ಆದರೆ ತಪ್ಪುವುದು ಅಲ್ಲೇ. ಹಳೆಯ ಲೆಕ್ಕದಲ್ಲಿ ದಿನಕ್ಕೆ ಎರಡೆರಡು ಗಂಟೆಗಳ 12 ಹೊತ್ತುಗಳು, ಒಂದೊಂದಕ್ಕೂ ಒಂದು ಪ್ರಾಣಿಯ ಹೆಸರು. ಇಲಿಯ ಹೊತ್ತು ಎಂದರೆ ರಾತ್ರಿ 11ರಿಂದ 1. ಚೀನಾದ 'ಲೀ' ಸುಮಾರು ಅರ್ಧ ಕಿಲೋಮೀಟರ್, ಜಪಾನಿನ 'ರೀ' ಸುಮಾರು 4 ಕಿಲೋಮೀಟರ್. ಹಳೆಯ ಎಣಿಕೆಯಲ್ಲಿ ಮಗು ಹುಟ್ಟಿದಾಗಲೇ ಒಂದು ವರ್ಷ, ಹೊಸ ವರ್ಷಕ್ಕೆ ಇನ್ನೊಂದು. ಹಾಗಾಗಿ ಆ ಲೆಕ್ಕದಲ್ಲಿ 16ರ ನಾಯಕಿಗೆ ನಿಜಕ್ಕೂ 14 ಅಥವಾ 15.

ಕೆಲವು ಕಾದಂಬರಿಗಳು ಆರಂಭ, ಬೆಳವಣಿಗೆ, ತಿರುವು, ಮುಕ್ತಾಯ ಎಂಬ ನಾಲ್ಕು ಭಾಗಗಳ ಹಳೆಯ ವಿನ್ಯಾಸ ಹಿಡಿಯುತ್ತವೆ. ಅಂಥಲ್ಲಿ ಎರಡನೇ ಭಾಗ ನಿಧಾನ. ಖಳನಾಯಕ ಕಾಣಿಸಲಿಲ್ಲವೆಂದು ಪುಸ್ತಕ ಮುಚ್ಚಬೇಡಿ, ತಿರುವಿನವರೆಗಾದರೂ ಹೋಗಿ.

ಲೇಖಕರ ಟಿಪ್ಪಣಿಯನ್ನು ಕೊನೆಗೇ ಓದಿ, ಅದರಲ್ಲಿ ಕಥೆಯ ಗುಟ್ಟು ಬಯಲಾಗಿರುವುದುಂಟು. ಓದಿದ ಮೇಲೆ ನಿಮ್ಮ ಹಾಳೆಯೊಡನೆ ಹೋಲಿಸಿ, ಲೇಖಕರು ಜಾನಪದವನ್ನು ಎಲ್ಲೆಲ್ಲಿ ಬದಲಿಸಿದ್ದಾರೆಂದು ಗುರುತು ಹಾಕಿ. ಯಕೃತ್ತು ತಿನ್ನಬೇಕಾದ ಗುಮಿಹೊ ತಿನ್ನಲೊಲ್ಲೆ ಎಂದ ಪುಟವಿದ್ದರೆ, ಎರಡನೇ ಓದನ್ನು ಅಲ್ಲಿಂದ ಶುರುಮಾಡಿ.