ಹವಳದ ಅಕ್ವೇರಿಯಂ: ನೀರು ಮತ್ತು ಉಪ್ಪಿನ ಹದ

ಶಿವಮೊಗ್ಗದಲ್ಲಿ ಮೊದಲ ಬಾರಿಗೆ ಹವಳದ ಅಕ್ವೇರಿಯಂ ಇಡುವವರು ನಲ್ಲಿ ನೀರನ್ನಾಗಲಿ ಬೋರ್‌ವೆಲ್ ನೀರನ್ನಾಗಲಿ ನೇರವಾಗಿ ಬಳಸದೆ, ಆರ್‌ಓ ಶೋಧಕದ ನೀರನ್ನೇ ಬಳಸಬೇಕು. ಅಡುಗೆ ಉಪ್ಪು ಇದಕ್ಕೆ ಸಲ್ಲದು. ಅಕ್ವೇರಿಯಂಗೆಂದೇ ಸಿಗುವ ಸಮುದ್ರ ಲವಣವನ್ನು ಬೇರೆ ಬಕೆಟ್ಟಿನಲ್ಲಿ, ಪಂಪು ಓಡಿಸುತ್ತಾ, ನೀರು ತಿಳಿಯಾಗುವವರೆಗೆ ಕರಗಿಸಿ, ಲವಣಾಂಶ ಸಾವಿರಕ್ಕೆ 35 ಭಾಗ, ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026, ಬಂದಿದೆಯೇ ಎಂದು ಲವಣಾಂಶ ಅಳೆಯುವ ಸಾಧನವಾದ ರಿಫ್ರಾಕ್ಟೋಮೀಟರಿನಲ್ಲಿ ನೋಡಬೇಕು.

ಆವಿಯಾಗುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ, ಮಟ್ಟ ಇಳಿದಾಗ ಉಪ್ಪು ಬೆರೆಸದ ಆರ್‌ಓ ನೀರನ್ನೇ ತುಂಬಬೇಕು. ಹೊಸಬರು ಎಲ್ಲಕ್ಕಿಂತ ಮೊದಲು ಮನಗಾಣಬೇಕಾದದ್ದು ಇದನ್ನೇ. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಹಾಕಿದರೆ ನೀರು ಗಾಜಿನ ಮೇಲೆ ಹಾಕಿಕೊಂಡ ಮಟ್ಟದ ಗುರುತಿನಿಂದ ಬೇಗ ಕೆಳಗಿಳಿಯುತ್ತದೆ, ಜುಲೈ ಮಳೆಯ ತೇವದಲ್ಲಿ ಅಷ್ಟು ಇಳಿಯದು. ಆದ್ದರಿಂದ ಇಷ್ಟೇ ನೀರು ಎಂದು ಅಳತೆ ಕಟ್ಟಿಕೊಳ್ಳದೆ ಗುರುತು ನೋಡಿಯೇ ಸುರಿಯಬೇಕು. ಲವಣಾಂಶ ಏರುಪೇರಾಗಿದ್ದರೆ ಒಂದೇ ದಿನದಲ್ಲಿ ತಿದ್ದದೆ, ಕೆಲವು ದಿನಗಳಲ್ಲಿ ನಿಧಾನವಾಗಿ ಸರಿಪಡಿಸಬೇಕು.